ಅನುಕರಣದಿಂದ ಕ್ರಿಯಾನಿಯಂತ್ರಣ ವಿದ್ಯೆ
(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ನಡೆದ ಉಪನ್ಯಾಸ)



 

ಸದ್ಭಕ್ತರೇ, ಮಠವೆಂದರೆ ಪೂಜೆ, ದಾಸೋಹ, ಪ್ರವಚನ ಇಷ್ಟೇ ಎಂದು ತಿಳಿಯುವ ಕಾಲವು ಕಳೆದು ಬಹು ದಿನಗಳಾದುವು. ತುಮಕೂರಿನ ಶ್ರೀ ಸಿದ್ಧಗಂಗಾ ಮಠದ ಆಶ್ರಯದಲ್ಲಿ 1963ರಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ಅದೇ ವರ್ಷ ಸುತ್ತೂರು ಶ್ರೀಕ್ಷೇತ್ರದ ವಿದ್ಯಾಪೀಠದಿಂದ ಮೈಸೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು. ಹೀಗೆ ಮಠಗಳ ನೆರಳಿನಲ್ಲಿ ವ್ಯಾಕರಣ, ವೇದಾಂತಗಳ ಪಕ್ಕದಲ್ಲಿಯೇ ಯಂತ್ರಶಾಸ್ತ್ರವೂ ಬೆಳೆಯುತ್ತ ಬಂದಿರುವುದರಿಂದ, ಆ ಶಾಸ್ತ್ರವನ್ನು ಹೇಗೆ ಕಲಿಸತಕ್ಕದ್ದೆಂಬ ಪ್ರಶ್ನೆಯು ಮಠದ ಭಕ್ತರಿಗೆ ಹೊರಗಿನದೆನ್ನಲಾಗದು. ಭಕ್ತರ ಕಾಣಿಕೆಯಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಹಣವನ್ನು ಯಾವುದಕ್ಕೆ ವಿನಿಯೋಗಿಸುವುದು ಲೇಸೆಂಬುದನ್ನು ವಿಚಾರಿಸುವುದು ಭಕ್ತರ ಧರ್ಮವೇ ಸರಿ.

ಈಗ ಏಳುತ್ತಿರುವ ಪ್ರಶ್ನೆಯು ಇದು. ಕಾರ್ಖಾನೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ಅನುಕರಿಸಿ, ವಿದ್ಯಾರ್ಥಿಯು ಎಲ್ಲಿಯೇ ಇದ್ದರೂ ಅಂತರ್ಜಾಲದ ಮೂಲಕ ಅದನ್ನು ನಡೆಸುವಂತೆ ಮಾಡಬಹುದು. ಇದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಇದರ ವಿಷಯದಲ್ಲಿ ಮೂರು ಪಕ್ಷಗಳುಂಟು. ಇದು ಬರಿಯ ಆಟವೇ ಹೊರತು ವಿದ್ಯೆಯಲ್ಲವೆಂಬುದು ಮೊದಲನೆಯದು. ಇದು ದೊರೆತ ಮೇಲೆ ಪ್ರಯೋಗಶಾಲೆಗೆ ಹಣ ಸುರಿಯುವುದೇಕೆಂಬುದು ಎರಡನೆಯದು. ಇದನ್ನು ಅದರ ಸ್ಥಾನವರಿತು ಬಳಸಬೇಕೆಂಬುದು ಮೂರನೆಯದು. ಮೊದಲೆರಡನ್ನು ಪರೀಕ್ಷಿಸಿ ಮೂರನೆಯದನ್ನು ಸ್ಥಾಪಿಸುವುದೇ ಈ ಉಪನ್ಯಾಸದ ಉದ್ದೇಶವಾಗಿದೆ.

ಕ್ರಿಯಾನಿಯಂತ್ರಣವೆಂದರೇನು?

ಇಂಜಿನಿಯರರು ಪ್ರೋಸೆಸ್ ಕಂಟ್ರೋಲ್ ಎಂದು ಕರೆಯುವ ವಿದ್ಯೆಯನ್ನು ಕನ್ನಡದಲ್ಲಿ ಕ್ರಿಯಾನಿಯಂತ್ರಣವೆನ್ನಬಹುದು. ಸಕ್ಕರೆ, ಗೊಬ್ಬರ, ಔಷಧ, ಪೆಟ್ರೋಲು, ಹಾಲಿನಪುಡಿ ಮೊದಲಾದುವುಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಉಷ್ಣತೆ, ಒತ್ತಡ, ದ್ರವದ ಮಟ್ಟ, ಹರಿವು ಇವು ನಿಯಮಿತವಾದ ಹದದಲ್ಲಿ ನಿಲ್ಲಬೇಕು. ಅವು ಹದ ತಪ್ಪದಂತೆ ಕಾಯುವುದೇ ಈ ವಿದ್ಯೆಯ ಕೆಲಸ.

ದಾಸೋಹದ ಅಡಿಗೆಮನೆಯನ್ನು ನೋಡಿದವರಿಗೆ ಇದು ಹೊಸದಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಎಸರಿಟ್ಟು ಅಕ್ಕಿ ಹಾಕಿದ ಮೇಲೆ ಅಡಿಗೆಯವನ ಕಣ್ಣು ಕೊಪ್ಪರಿಗೆಯ ಮೇಲೂ ಕೈ ಸೌದೆಯ ಮೇಲೂ ಇರುತ್ತದೆ. ಉರಿ ಸಾಲದಾದರೆ ಸೌದೆಯನ್ನು ಒಳಕ್ಕೆ ನೂಕುತ್ತಾನೆ. ಉಕ್ಕುವ ಸೂಚನೆ ಕಂಡರೆ ಹಿಂದಕ್ಕೆಳೆಯುತ್ತಾನೆ. ಹೊಸಬನಾದರೆ, ಸೌದೆ ನೂಕಿದ ಕ್ಷಣದಲ್ಲಿಯೇ ಎಸರು ಕುದಿಯಲಿಲ್ಲವೆಂದು ಮತ್ತೆರಡು ಸೌದೆಗಳನ್ನು ನೂಕುತ್ತಾನೆ. ಸ್ವಲ್ಪ ಹೊತ್ತಿಗೆ ಮೂರೂ ಹೊತ್ತಿಕೊಂಡು ಅನ್ನವು ತಳಹಿಡಿಯುತ್ತದೆ. ಆಗ ಗಾಬರಿಗೊಂಡು ಎಲ್ಲವನ್ನೂ ಎಳೆದುಬಿಟ್ಟರೆ ಮೇಲಿನ ಅನ್ನವು ಅರೆಬೆಂದು ನಿಲ್ಲುತ್ತದೆ. ಹಿರಿಯ ಅಡಿಗೆಯವನು ಹೀಗೆ ಮಾಡುವುದಿಲ್ಲ. ತಾನು ಮಾಡಿದ ಕಾರ್ಯದ ಫಲವು ಕಾಣಲು ಎಷ್ಟು ಹೊತ್ತು ಹಿಡಿಯುವುದೆಂಬುದನ್ನು ಅವನು ಬಲ್ಲನು. ಅಷ್ಟು ಹೊತ್ತು ಕೈಯನ್ನು ತಡೆದುಕೊಳ್ಳಬಲ್ಲನು.

ಈ ದೃಷ್ಟಾಂತದಲ್ಲಿ ಶಾಸ್ತ್ರದ ಅಂಗಗಳೆಲ್ಲವೂ ಅಡಗಿರುವುವು. ಅನ್ನದ ಹದವು ಗುರಿ. ಇಂಜಿನಿಯರರು ಇದನ್ನು ಸೆಟ್‌ಪಾಯಿಂಟ್ ಎನ್ನುವರು. ಅಡಿಗೆಯವನ ಕಣ್ಣು ಅಳತೆಯ ಉಪಕರಣ. ಗುರಿಗೂ ಅಳತೆಗೂ ಇರುವ ಅಂತರವೇ ದೋಷ. ಸೌದೆಯು ಕಾರ್ಖಾನೆಯ ವಾಲ್ವಿನ ಸ್ಥಾನದಲ್ಲಿದೆ. ಹಸಿ ಸೌದೆ, ಗಾಳಿ, ಅನಿರೀಕ್ಷಿತವಾಗಿ ಬಂದ ನೂರು ಜನ ಭಕ್ತರು ಇವು ಹೊರಗಿನಿಂದ ಬರುವ ವಿಘ್ನಗಳು. ಸೌದೆ ನೂಕುವುದಕ್ಕೂ ಎಸರು ಕುದಿಯುವುದಕ್ಕೂ ನಡುವಣ ಕಾಲವು ವಿಳಂಬ. ಕಂಡ ಫಲವನ್ನು ನೋಡಿ ಕಾರ್ಯವನ್ನು ತಿದ್ದಿಕೊಳ್ಳುವ ಈ ಕ್ರಮಕ್ಕೆ ಫೀಡ್‌ಬ್ಯಾಕ್ ಎಂದು ಹೆಸರು.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಚರಿತ್ರೆಯೂ ಸ್ವಾರಸ್ಯವಾಗಿದೆ. ಜೇಮ್ಸ್ ವಾಟನು 1788ರಲ್ಲಿ ಉಗಿಯಂತ್ರದ ವೇಗವನ್ನು ತಾನಾಗಿಯೇ ಹದದಲ್ಲಿಡುವ ಗವರ್ನರನ್ನು ಅಳವಡಿಸಿದನು. ಅಂಥ ಯಂತ್ರಗಳು ಕೆಲವೊಮ್ಮೆ ಏಕೆ ಉಯ್ಯಾಲೆಯಂತೆ ತೂಗಾಡುವುವೆಂಬುದನ್ನು 1868ರಲ್ಲಿ ಮ್ಯಾಕ್ಸ್‌ವೆಲ್ಲನು ಗಣಿತದಿಂದ ವಿಚಾರಿಸಿದನು. 1922ರಲ್ಲಿ ಮಿನೋರ್ಸ್ಕಿಯು ಹಡಗಿನ ಚುಕ್ಕಾಣಿಯನ್ನು ಕುರಿತು ಬರೆಯುತ್ತ ಮೂರು ಬಗೆಯ ತಿದ್ದುಪಾಟುಗಳನ್ನು ವಿವರಿಸಿದನು. ಈಗ ಇರುವ ದೋಷಕ್ಕೆ ತಕ್ಕಂತೆ ತಿದ್ದುವುದು ಒಂದು. ಹಿಂದಿನಿಂದ ಕೂಡುತ್ತ ಬಂದ ದೋಷಕ್ಕೆ ತಕ್ಕಂತೆ ತಿದ್ದುವುದು ಎರಡು. ದೋಷವು ಯಾವ ವೇಗದಿಂದ ಏರುತ್ತಲೋ ಇಳಿಯುತ್ತಲೋ ಇದೆಯೆಂಬುದನ್ನು ಕಂಡು ಮುಂದಾಗಿ ತಿದ್ದುವುದು ಮೂರು. ವರ್ತಮಾನ, ಭೂತ, ಭವಿಷ್ಯತ್ತುಗಳೆಂಬ ಮೂರು ಕಾಲಗಳೂ ಇಲ್ಲಿ ಸೇರಿರುವುವು. ಕಾರ್ಖಾನೆಗಳಲ್ಲಿ ಪಿಐಡಿ ಎಂದು ಕರೆಯುವ ನಿಯಂತ್ರಕವು ಇದೇ.

ಕಲಿಸುವುದರಲ್ಲಿರುವ ತೊಡಕು

ಇಂಥ ವಿದ್ಯೆಯನ್ನು ಬರಿಯ ಗ್ರಂಥದಿಂದ ಕಲಿಸುವುದು ಕಷ್ಟ. ಸಮೀಕರಣಗಳನ್ನು ತಪ್ಪಿಲ್ಲದೆ ಬಿಡಿಸುವ ವಿದ್ಯಾರ್ಥಿಯು, ತೊಟ್ಟಿಯ ಮಟ್ಟವು ಏರುತ್ತಿರುವಾಗ ಯಾವ ವಾಲ್ವನ್ನು ಯಾವ ಕಡೆಗೆ ತಿರುಗಿಸಬೇಕೆಂದು ಕೇಳಿದರೆ ತಡವರಿಸುವುದುಂಟು. ಪ್ರಯೋಗಶಾಲೆಯಲ್ಲಾದರೋ ಒಂದು ಉಪಕರಣದ ಸುತ್ತಲೂ ಹತ್ತಾರು ವಿದ್ಯಾರ್ಥಿಗಳು ನಿಲ್ಲಬೇಕಾಗುವುದು. ಇಬ್ಬರು ಮುಟ್ಟುವರು, ಉಳಿದವರು ಅಂಕಿಗಳನ್ನು ನಕಲು ಮಾಡಿಕೊಳ್ಳುವರು. ಕಾರ್ಖಾನೆಗೆ ಕರೆದೊಯ್ದರೆ ನೋಡಬಹುದೇ ಹೊರತು ಕೈಯಿಡುವಂತಿಲ್ಲ. ತಪ್ಪು ಮಾಡದೆ ಯಾರೂ ಕಲಿಯಲಾರರು. ತಪ್ಪು ಮಾಡಿದರೆ ಕಾರ್ಖಾನೆಯು ಕ್ಷಮಿಸಲಾರದು. ಈ ಇಕ್ಕಟ್ಟಿನಿಂದಲೇ ಅನುಕರಣದ ಅವಶ್ಯಕತೆಯು ಹುಟ್ಟಿತು.

ಅನುಕರಣದ ಒಳಗಿನ ಲೆಕ್ಕವು ಶ್ಯಾನುಭೋಗರ ಜಮಾಖರ್ಚಿನಂತೆಯೇ ಇದೆ. ತೊಟ್ಟಿಗೆ ಬಂದ ಶಾಖದಲ್ಲಿ ಹೊರಹೋದ ಶಾಖವನ್ನು ಕಳೆದರೆ ಉಳಿದದ್ದು ತೊಟ್ಟಿಯಲ್ಲಿ ನಿಂತ ಶಾಖ. ಕಂಪ್ಯೂಟರು ಈ ಲೆಕ್ಕವನ್ನು ಕ್ಷಣಕ್ಷಣಕ್ಕೂ ಮಾಡುತ್ತ, ಫಲವನ್ನು ರೇಖೆಯಾಗಿ ಪರದೆಯ ಮೇಲೆ ಎಳೆಯುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. ಒಂದು ತೊಟ್ಟಿಯಲ್ಲಿ 100 ಲೀಟರು ನೀರಿದೆ; ನಿಮಿಷಕ್ಕೆ 10 ಲೀಟರು ಒಳಬಂದು ಅಷ್ಟೇ ಹೊರಹೋಗುತ್ತದೆ; ನೀರು ಚೆನ್ನಾಗಿ ಕಲಕಲ್ಪಡುತ್ತಿದೆ. ಒಳಬರುವ ನೀರು 25 ಡಿಗ್ರಿ. ಹೊರಗೆ 40 ಡಿಗ್ರಿಯದು ಬೇಕು. ಇದಕ್ಕೆ ಸುಮಾರು 10.5 ಕಿಲೋವ್ಯಾಟ್ ಶಾಖವು ಸಾಕು. ಆದರೆ ಹೀಟರನ್ನು ಹಚ್ಚಿದೊಡನೆ 40 ಡಿಗ್ರಿ ಬಾರದು. 10 ನಿಮಿಷಕ್ಕೆ 34.5 ಡಿಗ್ರಿ, 20 ನಿಮಿಷಕ್ಕೆ 38 ಡಿಗ್ರಿ, 30 ನಿಮಿಷಕ್ಕೆ 39 ಡಿಗ್ರಿಗಿಂತ ತುಸು ಹೆಚ್ಚು. ಹಿರಿಯ ಅಡಿಗೆಯವನು ಅನುಭವದಿಂದ ತಿಳಿದ ತಾಳ್ಮೆಯು ಇಲ್ಲಿ ಅಂಕಿಯಾಗಿ ಕಾಣುತ್ತದೆ.

ಇನ್ನು ಒಳಬರುವ ನೀರು 25ರಿಂದ 20 ಡಿಗ್ರಿಗೆ ಇಳಿಯಿತೆನ್ನಿ. ಯಾರೂ ಏನನ್ನೂ ಮಾಡದಿದ್ದರೆ ಹೊರನೀರು 35 ಡಿಗ್ರಿಯಲ್ಲಿ ನಿಲ್ಲುವುದು. ಒಂದು ಡಿಗ್ರಿ ಕೊರತೆಗೆ 1 ಕಿಲೋವ್ಯಾಟಿನಂತೆ ಶಾಖವನ್ನು ಹೆಚ್ಚಿಸುವ ನಿಯಂತ್ರಕವಿದ್ದರೆ 38 ಡಿಗ್ರಿಯ ಹತ್ತಿರ ನಿಲ್ಲುವುದು. 4 ಕಿಲೋವ್ಯಾಟಿನಂತೆ ಹೆಚ್ಚಿಸಿದರೆ 39.3 ಡಿಗ್ರಿಯವರೆಗೆ ಬರುವುದು. ಆದರೂ 40 ಮುಟ್ಟದು. ಏಕೆಂದರೆ ಕೊರತೆಯಿದ್ದರಲ್ಲವೇ ಇಂಥ ನಿಯಂತ್ರಕವು ಹೆಚ್ಚು ಶಾಖವನ್ನು ಕೊಡುವುದು? ಕೊರತೆಯು ಪೂರ್ತಿ ಹೋದರೆ ಹೆಚ್ಚಿನ ಶಾಖವೂ ಹೋಗುವುದು. ಈ ಉಳಿಕೆಯನ್ನು ಕಳೆಯಲು, ಹಿಂದಿನ ದೋಷವನ್ನು ಕೂಡಿಸುತ್ತ ಹೋಗುವ ಎರಡನೆಯ ತಿದ್ದುಪಾಟು ಬೇಕು. ಇದನ್ನು ಪುಸ್ತಕದಲ್ಲಿ ಹತ್ತು ಸಲ ಓದಿದವನಿಗಿಂತ ಪರದೆಯಲ್ಲಿ ಒಂದು ಸಲ ತಾನೇ ಮಾಡಿ ಕಂಡವನಿಗೆ ಅದು ಚೆನ್ನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಮೊದಲನೆಯ ಪಕ್ಷದ ಪರಿಹಾರ

ಇದು ಆಟವೆನ್ನುವವರಿಗೆ ಉತ್ತರವು ಇಷ್ಟು. 1942ರಲ್ಲಿ ಝೀಗ್ಲರ್ ಮತ್ತು ನಿಕೊಲ್ಸ್ ಎಂಬ ಅಮೆರಿಕೆಯ ಇಂಜಿನಿಯರರಿಬ್ಬರು ನಿಯಂತ್ರಕವನ್ನು ಹೊಂದಿಸುವ ಒಂದು ಕ್ರಮವನ್ನು ಪ್ರಕಟಿಸಿದರು. ತಿದ್ದುಪಾಟಿನ ಬಲವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ, ರೇಖೆಯು ಏರದೆ ಇಳಿಯದೆ ಒಂದೇ ಸಮನಾಗಿ ತೂಗಾಡುವ ಎಲ್ಲೆಯನ್ನು ಕಂಡುಕೊಂಡು, ಪಿಐಡಿ ನಿಯಂತ್ರಕಕ್ಕಾದರೆ ಆ ಬಲದ 0.6 ಪಾಲನ್ನು ಇಡತಕ್ಕದ್ದೆಂಬುದು ಆ ಕ್ರಮದ ಸಾರ. ಕಾರ್ಖಾನೆಯನ್ನು ತೂಗಾಟದ ಅಂಚಿಗೆ ಒಯ್ಯಲು ವಿದ್ಯಾರ್ಥಿಗೆ ಯಾವ ಯಜಮಾನನು ಅಪ್ಪಣೆ ಕೊಟ್ಟಾನು? ಅನುಕರಣದಲ್ಲಾದರೆ ವಿದ್ಯಾರ್ಥಿಯು ಆ ಎಲ್ಲೆಯನ್ನು ಮುಟ್ಟಬಹುದು, ದಾಟಬಹುದು, ತೊಟ್ಟಿಯು ಹದಗೆಡುವುದನ್ನು ಕಾಣಬಹುದು, ಮತ್ತೆ ಮೊದಲಿನಿಂದ ಆರಂಭಿಸಬಹುದು. ಒಬ್ಬೊಬ್ಬ ವಿದ್ಯಾರ್ಥಿಗೂ ಅವನ ಕ್ರಮಸಂಖ್ಯೆಗನುಸಾರವಾಗಿ ಬೇರೆ ಬೇರೆ ಗಾತ್ರದ ತೊಟ್ಟಿಯನ್ನು ಕೊಟ್ಟರೆ, ನೆರೆಯವನ ಅಂಕಿಗಳನ್ನು ನಕಲು ಮಾಡಿ ಪ್ರಯೋಜನವೂ ಇರದು.

ಇದರಲ್ಲಿ ಪ್ರಾಣದ ಮಾತೂ ಅಡಗಿದೆ. 2005ರ ಮಾರ್ಚಿ 23ರಂದು ಅಮೆರಿಕೆಯ ಟೆಕ್ಸಾಸ್ ಸಿಟಿಯ ತೈಲಶುದ್ಧಿ ಕಾರ್ಖಾನೆಯಲ್ಲಿ, ನಿಲ್ಲಿಸಿದ್ದ ಒಂದು ವಿಭಾಗವನ್ನು ಮರಳಿ ಆರಂಭಿಸುವಾಗ ಘೋರ ಸ್ಫೋಟವಾಗಿ 15 ಜನರು ಮಡಿದರು. 180 ಜನರು ಗಾಯಗೊಂಡರು. ಅಲ್ಲಿ 170 ಅಡಿ ಎತ್ತರದ ಗೋಪುರದಂಥ ಪಾತ್ರೆಯೊಂದಕ್ಕೆ ಮೂರು ಗಂಟೆಗಳಿಗಿಂತ ಹೆಚ್ಚು ಕಾಲ ದ್ರವವನ್ನು ಒಳಬಿಡುತ್ತಲೇ ಇದ್ದರು, ಹೊರಬಿಡಲಿಲ್ಲ. ಮಟ್ಟಮಾಪಕವಾದರೋ ದ್ರವವು ತಳದ 10 ಅಡಿಗಳೊಳಗೇ ಇದೆಯೆಂದೂ ಇಳಿಯುತ್ತಿದೆಯೆಂದೂ ತೋರಿಸುತ್ತಿತ್ತು. ನಿಜವಾಗಿ ದ್ರವವು 150 ಅಡಿಗಳನ್ನು ದಾಟಿ ಏರಿತ್ತು. ಜಮೆಯಿದ್ದು ಖರ್ಚಿಲ್ಲದಿರುವಾಗ ಉಳಿಕೆಯು ಕಡಿಮೆಯಾಗುವುದೆಂತು ಎಂಬ ಒಂದು ಪ್ರಶ್ನೆಯು ಆ ಹೊತ್ತಿನಲ್ಲಿ ಎದ್ದಿದ್ದರೆ ಮಾಪಕದ ಸುಳ್ಳು ಹೊರಬೀಳುತ್ತಿತ್ತು. ವಿಚಾರಣೆ ನಡೆಸಿದ ಆ ದೇಶದ ರಾಸಾಯನಿಕ ಸುರಕ್ಷತಾ ಮಂಡಲಿಯು 2007ರ ತನ್ನ ವರದಿಯಲ್ಲಿ ಹಲವು ಲೋಪಗಳನ್ನು ಎಣಿಸಿತು. ಇಂಥ ಅಪರೂಪದ, ಅಪಾಯದ ಸಂದರ್ಭಗಳನ್ನು ಅಭ್ಯಾಸ ಮಾಡಲು ಅಲ್ಲಿಯ ಕೆಲಸಗಾರರಿಗೆ ಸಿಮ್ಯುಲೇಟರು ಇರಲಿಲ್ಲವೆಂಬುದೂ ಅವುಗಳಲ್ಲಿ ಒಂದು.

ಆದುದರಿಂದ ಅನುಕರಣವು ಆಟವೆಂಬ ಮಾತು ನಿಲ್ಲದು. ಗರಡಿಯ ಮಣ್ಣಿನಲ್ಲಿ ಬಿದ್ದು ಎದ್ದವನಿಗೇ ಕಣದಲ್ಲಿ ನಿಲ್ಲುವ ಶಕ್ತಿ ಬರುವುದು.

ಎರಡನೆಯ ಪಕ್ಷದ ಪರಿಹಾರ

ಹಾಗಾದರೆ ಪ್ರಯೋಗಶಾಲೆಯನ್ನು ಮುಚ್ಚಿಬಿಡಬಹುದೇ ಎಂದರೆ, ಕೂಡದು. ಮೇಲೆ ಹೇಳಿದ ತೊಟ್ಟಿಯ ಲೆಕ್ಕದಲ್ಲಿ ಒಂದು ಅಂಶವು ಮರೆಯಾಗಿದೆ. ಉಷ್ಣಮಾಪಕವು ತೊಟ್ಟಿಯೊಳಗೇ ಇದೆಯೆಂದೂ, ಅಳತೆಯಲ್ಲಿಯೂ ಹೀಟರಿನಲ್ಲಿಯೂ ತಡವೇ ಇಲ್ಲವೆಂದೂ ಅಲ್ಲಿ ಭಾವಿಸಲಾಗಿದೆ. ಅಂಥ ಲೆಕ್ಕದಲ್ಲಿ ಮೊದಲನೆಯ ಬಗೆಯ ತಿದ್ದುಪಾಟಿನ ಬಲವನ್ನು ಎಷ್ಟು ಹೆಚ್ಚಿಸಿದರೂ ತೂಗಾಟವು ಬಾರದು. ಬಲ ಹೆಚ್ಚಿದಷ್ಟೂ ಲೇಸೆಂದು ವಿದ್ಯಾರ್ಥಿಯು ಕಲಿತುಬಿಡುವನು. ಉಷ್ಣಮಾಪಕವನ್ನು ಹೊರಗಿನ ಕೊಳಾಯಿಯಲ್ಲಿ, ನೀರು ಮುಟ್ಟಲು 1 ನಿಮಿಷ ಹಿಡಿಯುವಷ್ಟು ದೂರದಲ್ಲಿಟ್ಟರೆ ಕಥೆಯೇ ಬೇರೆಯಾಗುವುದು. ಆಗ ಒಂದು ಡಿಗ್ರಿಗೆ ಸುಮಾರು 11 ಕಿಲೋವ್ಯಾಟಿನ ಬಲವನ್ನು ದಾಟಿದೊಡನೆ ನೀರಿನ ಉಷ್ಣತೆಯು ಸುಮಾರು 4 ನಿಮಿಷಕ್ಕೊಮ್ಮೆ ಏರುತ್ತ ಇಳಿಯುತ್ತ ತೂಗಾಡುವುದು. ಆ ತೂಗಾಟವು ಬೆಳೆಯುತ್ತಲೇ ಹೋಗುವುದು. ನೀರು ಅದೇ, ತೊಟ್ಟಿಯು ಅದೇ, ಒಂದು ನಿಮಿಷದ ವಿಳಂಬವೊಂದೇ ಹೆಚ್ಚು. ಅನುಕರಣವನ್ನು ರಚಿಸಿದವನು ಆ ಒಂದು ನಿಮಿಷವನ್ನು ಮರೆತರೆ, ಪರದೆಯು ವಿದ್ಯಾರ್ಥಿಗೆ ಸುಳ್ಳನ್ನು ಬೋಧಿಸಿದಂತಾಯಿತು. ಪರದೆಯಲ್ಲಿ ಇರುವುದು ರಚಿಸಿದವನು ಬಲ್ಲಷ್ಟು ಮಾತ್ರ. ಕಾರ್ಖಾನೆಯಲ್ಲಿ ಇರುವುದು ಯಾರೂ ಎಣಿಸದೆ ಇದ್ದದ್ದೂ ಸಹ. ವಾಲ್ವು ತುಕ್ಕುಹಿಡಿದು ಅಂಟಿಕೊಳ್ಳುವುದು, ಕೊಳಾಯಿಯೊಳಗೆ ಪಾಚಿ ಕಟ್ಟುವುದು, ಮಾಪಕದ ತಂತಿ ಸಡಿಲವಾಗುವುದು ಇವೆಲ್ಲವೂ ಅಲ್ಲಿ ನಡೆಯುವುವು.

ಮತ್ತೊಂದು ಕೊರತೆಯೂ ಉಂಟು. ಪರದೆಯಲ್ಲಿ ಅರ್ಧ ಗಂಟೆಯ ಕಾರ್ಯವನ್ನು ಅರ್ಧ ನಿಮಿಷದಲ್ಲಿ ಓಡಿಸಬಹುದು. ಇದರಿಂದ ಅನುಕೂಲವಿದ್ದರೂ, ಕೈಯನ್ನು ತಡೆದುಕೊಂಡು ಕಾಯುವ ಗುಣವು ಹೀಗೆ ಓಡಿಸಿದವನಿಗೆ ಬರುವುದಿಲ್ಲ. ಕಾರ್ಖಾನೆಯಲ್ಲಿ ಅರ್ಧ ಗಂಟೆಯೆಂದರೆ ಅರ್ಧ ಗಂಟೆಯೇ.

ಈ ಎರಡರ ನಡುವೆ ಒಂದು ಒಳ್ಳೆಯ ದಾರಿಯನ್ನು ಮುಂಬಯಿಯ ಐಐಟಿಯಲ್ಲಿ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಉಕ್ಕಿನ ಒಂದು ಪುಟ್ಟ ತಗಡು, ಅದನ್ನು ಕಾಯಿಸುವ ತಂತಿಯ ಸುರುಳಿ, ತಂಪುಮಾಡುವ ಒಂದು ಸಣ್ಣ ಫ್ಯಾನು, ಉಷ್ಣತೆಯನ್ನು ಅಳೆಯುವ ಒಂದು ಸಾಧನ, ಇಷ್ಟನ್ನು ಒಂದೇ ಹಲಗೆಯ ಮೇಲೆ ಜೋಡಿಸಿ ಅಲ್ಪ ವೆಚ್ಚದ ಉಪಕರಣವನ್ನು ಅವರು ರೂಪಿಸಿದರು. ದೂರದ ಊರಿನ ವಿದ್ಯಾರ್ಥಿಯು ಅಂತರ್ಜಾಲದ ಮೂಲಕ, ಬೆಲೆಯಿಲ್ಲದೆ ದೊರೆಯುವ ಸೈಲ್ಯಾಬ್ ಎಂಬ ಗಣಿತಸಾಧನದಿಂದ ಇದನ್ನು ನಡೆಸುವಂತೆ ಮಾಡಿದರು. ಇಲ್ಲಿ ಕಾಯುವ ತಗಡು ನಿಜವಾದದ್ದು, ವಿಳಂಬವೂ ನಿಜವಾದದ್ದು, ಪರದೆಯು ಕಿಟಕಿ ಮಾತ್ರ. ಕೇಂದ್ರ ಸರ್ಕಾರವು 2009ರಲ್ಲಿ ಆರಂಭಿಸಿದ ರಾಷ್ಟ್ರೀಯ ಯೋಜನೆಯ ಆಶ್ರಯದಲ್ಲಿ ವರ್ಚುಯಲ್ ಲ್ಯಾಬ್ಸ್ ಎಂಬ ಹೆಸರಿನಿಂದ ಬಹು ವಿಷಯಗಳ ಪ್ರಯೋಗಗಳು ಅಂತರ್ಜಾಲಕ್ಕೆ ಬಂದುವು. ದೆಹಲಿಯ ಐಐಟಿಯು ಮುಂದಾಳಾದ ಆ ಕಾರ್ಯದಲ್ಲಿ ಕನ್ನಡ ನಾಡಿನ ಸುರತ್ಕಲ್ಲಿನ ಎನ್‌ಐಟಿಕೆಯೂ ಪಾಲ್ಗೊಂಡಿತು. 2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೇ ಬಾಗಿಲು ಹಾಕಿಕೊಂಡಾಗ, ಹಳ್ಳಿಯ ಮನೆಯಲ್ಲಿ ಕುಳಿತ ವಿದ್ಯಾರ್ಥಿಗೆ ಪ್ರಯೋಗದ ದಾರಿಯೆಂದರೆ ಇಂಥ ಸಾಧನಗಳೇ ಆಗಿದ್ದುವು.

ಸಿದ್ಧಾಂತ

ಇನ್ನು ಸಿದ್ಧಾಂತವನ್ನು ಹೇಳಿ ಮುಗಿಸಬಹುದು. ಶರಣರು ಅರಿವನ್ನು ಆಚಾರದಿಂದ ಬೇರ್ಪಡಿಸಲಿಲ್ಲ. ಅನುಭವಮಂಟಪದಲ್ಲಿ ಕುಳಿತವರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದನು, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದನು. ಕೈಯಲ್ಲಿ ಕಾಯಕವಿಲ್ಲದ ಬರಿಯ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಅರಿವಿಲ್ಲದ ಕುರುಡು ಕ್ರಿಯೆಗೂ ಬೆಲೆಯಿರಲಿಲ್ಲ. ಪರದೆಯ ಮೇಲಿನ ಅನುಕರಣವು ಅರಿವಿನ ಭಾಗ. ಪ್ರಯೋಗಶಾಲೆಯ ಉಪಕರಣವು ಆಚಾರದ ಭಾಗ. ಒಂದನ್ನು ಕೊಟ್ಟು ಮತ್ತೊಂದನ್ನು ಕಸಿದುಕೊಳ್ಳುವುದು ವಿದ್ಯಾರ್ಥಿಗೆ ಅರ್ಧ ವಿದ್ಯೆಯನ್ನು ಕೊಟ್ಟಂತೆ.

ಆದುದರಿಂದ ಕ್ರಮವು ಹೀಗಿರತಕ್ಕದ್ದು. ಅನುಕರಣವನ್ನು ನಡೆಸುವ ಮುನ್ನ, ರೇಖೆಯು ಹೇಗೆ ಹೋಗುವುದೆಂಬ ತನ್ನ ಊಹೆಯನ್ನು ವಿದ್ಯಾರ್ಥಿಯು ಕಾಗದದ ಮೇಲೆ ಬರೆಯಬೇಕು. ಬಳಿಕ ನಡೆಸಿ ನೋಡಬೇಕು. ಊಹೆಗೂ ಫಲಕ್ಕೂ ವ್ಯತ್ಯಾಸವಿದ್ದರೆ ಅದರ ಕಾರಣವನ್ನು ಗುರುವಿನ ಎದುರಿಗೆ ಬಾಯಿಬಿಟ್ಟು ಹೇಳಬೇಕು; ತಾಯಿನುಡಿಯಲ್ಲಿ ಹೇಳಿದರೂ ಒಪ್ಪತಕ್ಕದ್ದೇ. ಗುರುವು ಆಗಾಗ್ಗೆ ಮಾಪಕವೊಂದನ್ನು ಗುಟ್ಟಾಗಿ ಕೆಡಿಸಿಟ್ಟು, ಜಮಾಖರ್ಚಿನ ಲೆಕ್ಕದಿಂದ ಆ ಸುಳ್ಳನ್ನು ಶಿಷ್ಯನು ಕಂಡುಹಿಡಿಯುವನೋ ಇಲ್ಲವೋ ಎಂದು ಪರೀಕ್ಷಿಸಬೇಕು. ವರ್ಷದಲ್ಲಿ ಒಂದು ಸಲವಾದರೂ ಅನುಕರಣವನ್ನು ನಿಜವಾದ ಗಡಿಯಾರದ ವೇಗದಲ್ಲಿಯೇ ನಡೆಸಿ ಕಾಯುವುದನ್ನು ಕಲಿಸಬೇಕು. ಕಡೆಗೆ ಚಿಕ್ಕದಾದರೂ ನಿಜವಾದ ಒಂದು ತೊಟ್ಟಿಯನ್ನೋ ಒಂದು ಹೀಟರನ್ನೋ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಾರೆ ಹದಕ್ಕೆ ತಂದು ತೋರಿಸಬೇಕು.

ಈ ಕ್ರಮದಲ್ಲಿ ಹಣವು ಉಳಿಯುವುದೇ ಎಂದು ಕೇಳಿದರೆ, ಸ್ವಲ್ಪ ಉಳಿಯುವುದು. ದೊಡ್ಡ ಉಪಕರಣಗಳು ಹತ್ತು ಬೇಕಾದ ಕಡೆ ಚಿಕ್ಕವು ಕೆಲವು ಸಾಕಾಗುವುವು. ಆದರೆ ಉಳಿದ ಹಣವನ್ನು ಒಳ್ಳೆಯ ಗುರುವಿಗೆ ವಿನಿಯೋಗಿಸಬೇಕೇ ಹೊರತು ಗುರುವನ್ನೇ ಉಳಿಸಿದ ವೆಚ್ಚವೆಂದು ಎಣಿಸಬಾರದು. ಪರದೆಯು ರೇಖೆಯನ್ನು ಎಳೆಯಬಲ್ಲುದು. ಶಿಷ್ಯನು ಏಕೆ ಅವಸರಪಟ್ಟನೆಂಬುದನ್ನು ಅವನ ಮುಖ ನೋಡಿ ತಿಳಿದು ತಿದ್ದುವವನು ಗುರುವೇ. ಶ್ರೀಮಠದಂಥ ಸ್ಥಳಗಳಲ್ಲಿ ಕಲಿತ ಬಡವರ ಮಕ್ಕಳು ನಾಳೆ ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳಲ್ಲಿ ಕೂರತಕ್ಕವರು. ಅವರ ಕೈಯಲ್ಲಿ ಅಲ್ಲಿ ದುಡಿಯುವವರ ಪ್ರಾಣವೂ ನೆರೆಯ ಊರುಗಳ ಪ್ರಾಣವೂ ಇರುವುದು. ಆ ಕೈಗೆ ಅರಿವೂ ಅಭ್ಯಾಸವೂ ತಾಳ್ಮೆಯೂ ಕೂಡಿಬರುವಂತೆ ಮಾಡುವುದು ದಾಸೋಹಗಳಲ್ಲಿ ಒಂದು ದೊಡ್ಡ ದಾಸೋಹವೇ ಆಗಿದೆ.

ಈ ಮಹೋತ್ಸವದ ಪುಣ್ಯಕಾಲದಲ್ಲಿ ಅಂಥ ವಿದ್ಯಾದಾಸೋಹವು ಅಭಿವೃದ್ಧಿಯಾಗಲೆಂದೂ, ಶ್ರೀಮಠದ ವಿದ್ಯಾರ್ಥಿಗಳು ಕಾಯಕದಲ್ಲಿ ನಿಷ್ಠೆಯುಳ್ಳವರಾಗಿ ಲೋಕಕ್ಕೆ ಉಪಕಾರಿಗಳಾಗಲೆಂದೂ ಶ್ರೀ ಗುರುಬಸವಣ್ಣನವರಲ್ಲಿ ಪ್ರಾರ್ಥನೆ.